ರಾಜಿಯಾದ ಮೇಲೆ

2021ರ ಒಂದು ಶನಿವಾರ. ಲೋಕ ಅದಾಲತ್ ಇದ್ದ ದಿನ. ಮಾಲೂರಿನಲ್ಲಿ ಕೋರ್ಟಿನ ಆವರಣದ ಹೊಂಗೆ ಮರದಡಿ ಅಪ್ಪನ ಜೊತೆ ನಿಂತಿದ್ದೆ. ನಮ್ಮ ಕೇಸಿನ ಹೆಸರು ಕೂಗುವುದು ಇನ್ನೂ ತಡ ಇತ್ತು. ಅಷ್ಟರಲ್ಲಿ ಒಳಗಿನಿಂದ ವಯಸ್ಸಾದವರೊಬ್ಬರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದರು. ಅವರೂರಿನವರೇ ಇರಬೇಕು, ಒಬ್ಬರು ಕೇಳಿದರು: "ಏನ್ ಯಜಮಾನ್ರೇ, ರಾಜಿ ಆಯ್ತಾ?"

"ರಾಜಿ ಆಯ್ತಪ್ಪ. ಮಾತು ಇನ್ನೂ ಆಡಿಲ್ಲ."

ಅವರ ತಮ್ಮ ಹತ್ತು ಮಾರು ದೂರದ ಟೀ ಅಂಗಡಿಯ ಮುಂದೆ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದ. ಒಂದೇ ಕಾಗದಕ್ಕೆ, ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರು, ಆಗತಾನೇ ಹೆಬ್ಬೆಟ್ಟು ಒತ್ತಿ ಬಂದಿದ್ದರು. ಇಬ್ಬರ ಹೆಬ್ಬೆರಳಿಗೂ ಶಾಯಿ ಇತ್ತು. ಆ ಹಿರಿಯರು ಹೇಳಿದ ಎರಡು ವಾಕ್ಯ ಅಂದಿನಿಂದ ನನ್ನ ಕಿವಿಯಲ್ಲೇ ಉಳಿದುಬಿಟ್ಟಿವೆ. ರಾಜಿ ಆಗಿದೆ, ಮಾತು ಆಗಿಲ್ಲ. ಹಾಗಾದರೆ ಆದದ್ದು ಏನು?

ರಾಜಿ ನಮ್ಮ ಕಡೆ ದಿನಬಳಕೆಯ ಮಾತು. ಮಾಲೂರು, ಕೋಲಾರದ ಕನ್ನಡದಲ್ಲೂ ಇದೆ, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳ ತೆಲುಗಿನಲ್ಲೂ ಇದೆ. ಊರ ಹಿರಿಯರು ಅರಳಿಕಟ್ಟೆಯಲ್ಲಿ ರಾಜಿ ಪಂಚಾಯ್ತಿ ಮಾಡುತ್ತಾರೆ. ಬದುವಿನ ಜಗಳ ಸ್ಟೇಷನ್ ಮೆಟ್ಟಿಲು ಹತ್ತಿದರೆ ರಾಜಿ ಮಾಡಿಸುವವರು ಯಾರಾದರೂ ಬರುತ್ತಾರೆ. ಗಂಡ ಹೆಂಡತಿ ಮುನಿಸಿಕೊಂಡರೂ ರಾಜಿ, ಟೊಮೆಟೊ ಮಂಡಿಯಲ್ಲಿ ಕಮಿಷನ್ ವಿಷಯಕ್ಕೆ ಮಾತು ಬೆಳೆದರೂ ರಾಜಿ. ಮುನಿಸು ಅಪ್ಪಟ ಕನ್ನಡದ ಮಾತು, ಅದನ್ನು ಕಳೆಯುವ ರಾಜಿ ದೂರದಿಂದ ಬಂದದ್ದು.

ಅರಬ್ಬಿಯಲ್ಲಿ ಅದಕ್ಕೆ ಒಪ್ಪಿದವನು, ತೃಪ್ತನಾದವನು ಎಂದು ಅರ್ಥ. ಪಾರ್ಸಿಯ ಕೈ ಹಿಡಿದು ದರ್ಬಾರುಗಳಿಗೆ ಬಂತು. ನಮ್ಮ ಸೀಮೆಯನ್ನು ಒಂದು ಕಾಲಕ್ಕೆ ಬಿಜಾಪುರದವರು ಶಹಾಜಿಗೆ ಜಹಗೀರು ಕೊಟ್ಟಿದ್ದರು. ಆಮೇಲೆ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಆಳ್ವಿಕೆ ಬಂತು. ಕಚೇರಿಗಳಲ್ಲಿ ಪಾರ್ಸಿಯ ಬಳಕೆ ಇದ್ದ ಆ ದಿನಗಳ ಮಾತುಗಳನ್ನು ರೈತರು ಇವತ್ತಿಗೂ ದಿನಾ ಆಡುತ್ತಾರೆ. ಜಮೀನು, ಅರ್ಜಿ, ತಕರಾರು, ದಾವೆ, ವಕೀಲ ಎಲ್ಲ ಆ ದಾರಿಯಲ್ಲೇ ಬಂದವು. ಹಳೆಯ ಟ್ರಂಕುಗಳ ತಳದಲ್ಲಿ ಸಿಗುವ ಪಾಲುಪಾರೀಕತ್ತಿನಲ್ಲಿ 'ಪಾಲು' ನಮ್ಮದು, 'ಪಾರೀಕತ್ತು' ಅಲ್ಲಿಯದು. ಬಿಡುಗಡೆಯ ಪತ್ರ ಎಂದು ಅದರ ಅರ್ಥ. ಪಾಲು ಮಾಡಿಕೊಂಡವರು ಒಬ್ಬರಿಂದ ಒಬ್ಬರು ಬಿಡುಗಡೆಯಾದರು ಎಂಬಂತೆ ಬರೆದ ಕಾಗದ ಅದು.

ರಾಜಿಗೆ 'ನಾಮೆ' ಸೇರಿದರೆ ಒಪ್ಪಿಗೆಯ ಪತ್ರ. ಹಿಂದಿಯಲ್ಲಿ ಇಂದಿಗೂ ರಾಜಿನಾಮಾ ಎಂದರೆ ಜಗಳ ಮುಗಿಸಿಕೊಂಡ ಪತ್ರವೇ. ಕನ್ನಡ, ಮರಾಠಿ, ತೆಲುಗಿನಲ್ಲಾದರೆ ಅದು ಕೆಲಸ ಬಿಟ್ಟು ಹೋಗುವವನು ಕೊಡುವ ಕಾಗದ. ಮುಂಬಯಿ ಪ್ರಾಂತ್ಯದ ಕಂದಾಯ ಪದ್ಧತಿಯಲ್ಲಿ ರೈತ ತನ್ನ ಭೂಮಿಯನ್ನು ಬಿಟ್ಟುಕೊಡುವಾಗ ರಾಜಿನಾಮೆ ಬರೆದುಕೊಡುತ್ತಿದ್ದ. ಒಪ್ಪಿ ಬಿಡುತ್ತಿದ್ದೇನೆ ಅನ್ನುವಲ್ಲಿ 'ಒಪ್ಪಿ' ಸವೆದುಹೋಗಿ 'ಬಿಡುತ್ತಿದ್ದೇನೆ' ಮಾತ್ರ ಉಳಿದಿರಬೇಕು. ಹೀಗೆ ಒಂದೇ ಬೇರಿನಿಂದ ನಮಗೆ ಕೂಡುವ ಮಾತೂ ಸಿಕ್ಕಿತು, ಬಿಡುವ ಮಾತೂ ಸಿಕ್ಕಿತು.

ಗುಜರಾತಿಯವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರಲ್ಲಿ ರಾಜಿ ಎಂದರೆ ಸಂತೋಷಗೊಂಡವರು ಎಂದೇ ಅರ್ಥ. ನಮ್ಮಲ್ಲಿ ಆ ಸಂತೋಷ ಎಲ್ಲೋ ಉದುರಿಹೋಗಿದೆ. ಹೋರಾಟದ ಕರಪತ್ರದಲ್ಲಿ 'ರಾಜಿಯಿಲ್ಲದ ಹೋರಾಟ', ಜಾಹೀರಾತಿನಲ್ಲಿ 'ಗುಣಮಟ್ಟದಲ್ಲಿ ರಾಜಿಯಿಲ್ಲ', ದೊಡ್ಡವರ ಶ್ರದ್ಧಾಂಜಲಿಯಲ್ಲಿ 'ಎಂದೂ ರಾಜಿ ಮಾಡಿಕೊಳ್ಳದ ವ್ಯಕ್ತಿತ್ವ'. ರಾಜಿ ಅಂದರೆ ಸೋಲು, ಬಗ್ಗುವುದು, ಸ್ವಲ್ಪ ಮಾನ ಬಿಡುವುದು ಎಂದಾಗಿದೆ. ಹೋರಾಟಕ್ಕೆ ಈ ಅರ್ಥ ಸರಿ ಇರಬಹುದು. ಮನೆಗೆ ಬಂದರೆ ಕೆಡುಕು. ಅಣ್ಣತಮ್ಮಂದಿರು ರಾಜಿಯಾದರು ಎಂಬ ಸುದ್ದಿ ಕೇಳಿದ ಕೂಡಲೇ ಊರಿನವರು ಕೇಳುವ ಮೊದಲ ಪ್ರಶ್ನೆ, ಯಾರು ಬಿಟ್ಟುಕೊಟ್ಟರು?

ನಮ್ಮ ತಾಲ್ಲೂಕುಗಳಲ್ಲಿ ಈ ಮಾತಿಗೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಕೆಲಸ ಹೆಚ್ಚಾಗಿದೆ. ನರಸಾಪುರ, ವೇಮಗಲ್, ಮಾಲೂರಿನಲ್ಲಿ ಕಾರ್ಖಾನೆಗಳು ಬಂದವು, ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂತು. ಬೋರ್‌ವೆಲ್ ಕೊರೆಸಿ ಕೊರೆಸಿ ಬೇಸತ್ತು ಬಿಟ್ಟಿದ್ದ ಬೆದ್ದಲು ನೆಲಕ್ಕೆ ಯಾರೂ ಕನಸಿನಲ್ಲಿ ಎಣಿಸದ ಬೆಲೆ ಬಂತು. ಗುಂಟೆಗೆ ಇಷ್ಟು ಎಂಬ ಲೆಕ್ಕ ಶುರುವಾದ ದಿನವೇ ಹಳೆಯ ಟ್ರಂಕುಗಳು ತೆರೆದವು.

ಅದೇ ಹೊತ್ತಿಗೆ ಕಾನೂನೂ ಬದಲಾಗಿತ್ತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಡುವ ಕೆಲಸವನ್ನು ಕರ್ನಾಟಕ 1994ರಲ್ಲೇ ಮಾಡಿತ್ತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. ತಂದೆ ಆಗ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗ ಪತ್ರವನ್ನಾಗಲಿ, ಕೋರ್ಟಿನ ಡಿಕ್ರಿಯನ್ನಾಗಲಿ ಈ ಕಾನೂನು ಮುಟ್ಟುವುದಿಲ್ಲ. ನಮ್ಮ ಹಳ್ಳಿಗಳ ಪಾರೀಕತ್ತುಗಳು ಎಲ್ಲಿ ನೋಂದಣಿಯಾಗಿದ್ದವು? ಊರಿನ ನಾಲ್ಕು ಜನರ ಮುಂದೆ ಬರೆದು, ಸಾಕ್ಷಿ ಹಾಕಿಸಿ, ಮಡಚಿಟ್ಟ ಕಾಗದಗಳು ಅವು.

ನಮ್ಮ ಮನೆಯದೂ ಅಂಥದ್ದೇ. 1996ರಲ್ಲಿ ಅಪ್ಪ, ಚಿಕ್ಕಪ್ಪ ಪಾಲು ಬರೆಸಿಕೊಂಡರು. ಅದರಲ್ಲಿ ಅತ್ತೆಯ ಹೆಸರೇ ಇಲ್ಲ. ಅಪ್ಪನ ಬೆನ್ನ ಮೇಲೆ ಹುಟ್ಟಿದವಳಲ್ಲ ಅವಳು, ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಶ್ರೀನಿವಾಸಪುರದ ಕಡೆ ಮದುವೆಯಾಗಿ ಹೋಗಿದ್ದಳು. ಅರಿಶಿನ ಕುಂಕುಮಕ್ಕೆಂದು ಒಂದು ಗುಂಟೆಯನ್ನೂ ಬರೆಯಲಿಲ್ಲ. 2011ರ ಬೇಸಿಗೆಯಲ್ಲಿ ಅವಳು ದಾವೆ ಹೂಡಿದಳು. ನೋಟಿಸು ಬಂದ ದಿನ ಅಪ್ಪ, "ಇನ್ನು ಅವಳಿಗೂ ನಮಗೂ ಹೋಗೋದು ಬರೋದು ಇಲ್ಲ" ಎಂದುಬಿಟ್ಟರು. ನಾನು ಆಗ ಅಪ್ಪನ ಪರ ಇದ್ದೆ. ಅದು ತಪ್ಪು. ಅತ್ತೆ ಕೇಳಿದ್ದು ನ್ಯಾಯವನ್ನೇ, ನಾವು ಕೊಡದೆ ಇದ್ದದ್ದನ್ನು. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

'ಹೋಗೋದು ಬರೋದು' ಅನ್ನುವುದು ನಮ್ಮ ಕಡೆ ಸಂಬಂಧಕ್ಕೇ ಇರುವ ಇನ್ನೊಂದು ಹೆಸರು. ಎಷ್ಟು ಹತ್ತಿರದವರು ಎಂದು ಯಾರೂ ಕೇಳುವುದಿಲ್ಲ, ಹೋಗೋದು ಬರೋದು ಉಂಟಾ ಎಂದು ಕೇಳುತ್ತಾರೆ. ಅದು ನಿಂತರೆ ರಕ್ತ ಇದ್ದೂ ನಂಟು ಇಲ್ಲ.

ನಮ್ಮ ಕೇಸನ್ನು ಮುಗಿಸಿಕೊಟ್ಟ ಲೋಕ ಅದಾಲತ್ತಿಗೆ ನಾನು ಋಣಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟು ಶುಲ್ಕವೂ ವಾಪಸು ಬರುತ್ತದೆ. ಹತ್ತು ವರ್ಷ ತಾರೀಖಿನ ಮೇಲೆ ತಾರೀಖು ಎಣಿಸಿದವರಿಗೆ ಇದು ಎಂಥ ನೆಮ್ಮದಿ ಎಂದು ಅನುಭವಿಸಿದವರಿಗೇ ಗೊತ್ತು. ದೂರವಾಗಿದ್ದ ದಂಪತಿಗಳು ನ್ಯಾಯಾಧೀಶರ ಮುಂದೆ ಹಾರ ಬದಲಾಯಿಸಿಕೊಂಡು, ಬಾಯಿಗೆ ಸಿಹಿ ಇಟ್ಟುಕೊಳ್ಳುವ ಫೋಟೋ ಪತ್ರಿಕೆಯಲ್ಲಿ ಬರುತ್ತದಲ್ಲ, ಅದನ್ನು ನಾನು ಎಂದೂ ಸುಮ್ಮನೆ ದಾಟಿ ಓದಿದವನಲ್ಲ. ಆ ಹಾರ ಬಾಡಿದ ಮರುದಿನ ಆ ಮನೆಯಲ್ಲಿ ಏನಾಯಿತು ಎಂಬುದು ಮಾತ್ರ ಪತ್ರಿಕೆಯಲ್ಲಿ ಬರುವುದಿಲ್ಲ.

ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿಯವರಿಗೆ ಅದು ಗೊತ್ತಿತ್ತು. 'ಮೊಸರಿನ ಮಂಗಮ್ಮ' ಕಥೆಯಲ್ಲಿ ಮೊಮ್ಮಗನ ವಿಷಯಕ್ಕೆ ಸೊಸೆಯೊಡನೆ ಜಗಳವಾಗಿ ಮಂಗಮ್ಮ ಮಗನ ಮನೆಯಿಂದ ಬೇರೆಯಾಗುತ್ತಾಳೆ. ಯಾವ ಪಂಚಾಯ್ತಿಯೂ ಅವರನ್ನು ಕೂಡಿಸುವುದಿಲ್ಲ. ಮೊಮ್ಮಗ ಅಜ್ಜಿಯ ಹತ್ತಿರವೇ ಇರುತ್ತೇನೆಂದು ಹಟ ಹಿಡಿದ ಮೇಲೆ ದೊಡ್ಡವರ ಹಟ ಸಡಿಲುತ್ತದೆ. ಅಜ್ಜಿಯ ಮನೆಗೆ ಮೊದಲು ನಡೆದುಹೋದದ್ದು ಆ ಮಗು. ಕಥೆ ಅಲ್ಲಿಂದ ತಿರುಗುತ್ತದೆ.

ಎಲ್ಲ ರಾಜಿಯೂ ಒಳ್ಳೆಯದಲ್ಲ ಎಂಬುದನ್ನೂ ಹೇಳಬೇಕು. ಮುಳಬಾಗಿಲು ತಾಲ್ಲೂಕಿನ ಆವಣಿಗೆ ಹೋದವರು ನೋಡಿರುತ್ತೀರಿ. ಸೀತೆ ಲವಕುಶರನ್ನು ಹೆತ್ತದ್ದು ಅಲ್ಲಿಯೇ, ತಂದೆಯೂ ಮಕ್ಕಳೂ ಒಬ್ಬರನ್ನೊಬ್ಬರು ಅರಿಯದೆ ಎದುರಾದದ್ದೂ ಅಲ್ಲಿಯೇ ಎಂದು ಸ್ಥಳದವರ ನಂಬಿಕೆ. ಕೆಳಗೆ ಒಂದೇ ಪ್ರಾಕಾರದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳಿಗೆ ಗುಡಿಗಳಿವೆ, ನೊಳಂಬರ ಕಾಲದವು. ಸೀತೆಯ ಗುಡಿ ಮೇಲೆ, ಬೆಟ್ಟದಲ್ಲಿ. ಅಣ್ಣತಮ್ಮಂದಿರು ಒಟ್ಟಿಗೆ, ಅವಳು ಬೇರೆ. ಮತ್ತೊಮ್ಮೆ ಪರೀಕ್ಷೆ ಕೊಟ್ಟು ಬಾ ಎಂದಾಗ ಆಕೆ ಬರಲಿಲ್ಲ. ಭೂಮಿಗೆ ಹೋದಳು.

ಹೊಡೆಯುವ ಗಂಡನ ಮನೆಗೆ 'ಹೊಂದಿಕೊಂಡು ಹೋಗಮ್ಮ' ಎಂದು ಮಗಳನ್ನು ದಬ್ಬಿ ಬರುವುದಕ್ಕೂ ನಮ್ಮ ಊರುಗಳಲ್ಲಿ ರಾಜಿ ಎಂದೇ ಹೆಸರು. ಅದು ರಾಜಿಯಲ್ಲ. ಒಪ್ಪಿದವನು ಎಂಬ ಅರ್ಥದ ಮಾತಿನಲ್ಲಿ ಒಪ್ಪಿಗೆಯೇ ಇಲ್ಲದಿದ್ದರೆ ಉಳಿಯುವುದೇನು? ಅವಳು ಬೆಟ್ಟದ ಮೇಲೆ ಒಬ್ಬಳೇ ಇರುತ್ತೇನೆ ಎಂದರೆ ಇರಲಿ. ಹೋಗಿ ನೋಡಿ ಬರುವ ದಾರಿಯೊಂದು ತೆರೆದಿರಲಿ, ಸಾಕು.

ನಮ್ಮ ಮನೆಯಲ್ಲಿ ರಾಜಿಯಾದ ಮೇಲೂ ಎರಡು ವರ್ಷ ಹಾಗೇ ಕಳೆಯಿತು. ಅತ್ತೆಯ ಪಾಲು ಅವಳ ಹೆಸರಿಗೆ ಖಾತೆಯಾಯಿತು. ಅಪ್ಪ, "ಕೋರ್ಟಲ್ಲೇ ಮುಗೀತಲ್ಲ, ಇನ್ನೇನು" ಎನ್ನುತ್ತಿದ್ದರು. 2023ರ ಜೂನ್‌ನಲ್ಲಿ ಒಂದು ಬೆಳಗ್ಗೆ ತಾವಾಗಿಯೇ ಬಿಳಿ ಪಂಚೆ ಉಟ್ಟು, "ಬಸ್ಸೆಷ್ಟೊತ್ತಿಗೆ?" ಎಂದರು. ಅಮ್ಮ, ಅಪ್ಪ, ನಾನು ಕೋಲಾರದಲ್ಲಿ ಬಸ್ಸು ಬದಲಾಯಿಸಿ ಹೊರಟೆವು. ದಾರಿಯುದ್ದಕ್ಕೂ ಅಪ್ಪ ಕಿಟಕಿಯಾಚೆ ನೋಡುತ್ತಿದ್ದರು, ಒಂದು ಮಾತೂ ಇಲ್ಲ.

ಅತ್ತೆ ತೋಪಿನಲ್ಲಿ ತೋತಾಪುರಿ ಕಾಯಿಯ ರಾಶಿಯ ಮುಂದೆ ಕೂತು ದಾಗಿ ಆರಿಸಿ ಬದಿಗಿಡುತ್ತಿದ್ದಳು. ತಲೆಯೆತ್ತಿ ನೋಡಿದಳು. ನಲವತ್ತು ವರ್ಷ ಆ ಸೀಮೆಯಲ್ಲಿ ಬಾಳಿ ತೆಲುಗೇ ಅವಳ ಬಾಯಿಗೆ ಮೊದಲು ಬರುತ್ತಿತ್ತು. "ಏಮ್ರಾ, ದಾರಿ ಮರ್ಚಿಪೋಲೇದಾ?" ದಾರಿ ಮರೆತಿಲ್ಲವಾ ಎಂದು ಕೇಳಿದ್ದು. ಅಪ್ಪ ಕನ್ನಡದಲ್ಲಿ, "ಇಲ್ಲಕ್ಕ" ಎಂದರು. ಅಷ್ಟೇ. ಮಧ್ಯಾಹ್ನ ಮುದ್ದೆ, ಮಾವಿನಕಾಯಿ ಹಾಕಿದ ಬೇಳೆ ಸಾರು. ಅತ್ತೆ ಅಪ್ಪನ ತಟ್ಟೆಯನ್ನೇ ನೋಡುತ್ತಾ, ಕೇಳದೆಯೇ ಎರಡನೇ ಮುದ್ದೆ ಇಟ್ಟಳು. ಜಮೀನಿನ ಸುದ್ದಿ ಯಾರೂ ಎತ್ತಲಿಲ್ಲ. ಹೊರಡುವಾಗ ಅಮ್ಮ ಅವಳ ಕೈ ಹಿಡಿದು, "ಗೌರಿ ಹಬ್ಬಕ್ಕೆ ಬರಲೇಬೇಕು ಅತ್ತಿಗೆ" ಎಂದರು.

ಬಂದಳು. ಮೂರು ದಿನ ಇದ್ದಳು. ಹೊರಡುವ ದಿನ ಅಮ್ಮ ಅವಳನ್ನು ಮಣೆಯ ಮೇಲೆ ಕೂರಿಸಿ ಮಡಿಲಕ್ಕಿ ಕಟ್ಟಿದರು. ಅತ್ತೆ ಸೆರಗು ಒಡ್ಡಿದಳು. ಎಲೆ ಅಡಿಕೆ, ಕೊಬ್ಬರಿ, ಬೆಲ್ಲ, ರವಿಕೆ ಕಣ ಇಟ್ಟಾಯಿತು. ನಮ್ಮಲ್ಲಿ ಐದು ಬೊಗಸೆ ಅಕ್ಕಿ ಹಾಕುವುದು ವಾಡಿಕೆ. ಐದಾದ ಮೇಲೂ ಅಮ್ಮನ ಕೈ ನಿಲ್ಲಲಿಲ್ಲ. ಅತ್ತೆ "ಸಾಕು, ಸಾಕಮ್ಮ" ಎಂದಳು. ಅಮ್ಮ, "ಹನ್ನೆರಡು ವರ್ಷದ್ದು ಬಾಕಿ ಇದೆ, ಹಿಡ್ಕೊಳ್ಳಿ" ಎಂದು ಹನ್ನೆರಡು ಬೊಗಸೆ ಎಣಿಸಿ ಹಾಕಿದರು. ಸೆರಗು ಭಾರಕ್ಕೆ ಜಗ್ಗುತ್ತಿತ್ತು. ಬಾಗಿಲ ಹತ್ತಿರ ನಿಂತಿದ್ದ ಅಪ್ಪ ಬಂದು ಕೆಳಗಿನಿಂದ ಕೈ ಕೊಟ್ಟು ಹಿಡಿದರು.

ಕೋರ್ಟಿನ ಆವರಣದಲ್ಲಿ ಅಂದು ಕಂಡ ಆ ಯಜಮಾನರು, ಅವರ ತಮ್ಮ ಆಮೇಲೆ ಮಾತಾಡಿದರೋ ಇಲ್ಲವೋ. ಅವರ ಹಾಗೆ ರಾಜಿ ಕಾಗದ ಮಡಚಿ ಬೀರುವಿನಲ್ಲಿಟ್ಟುಕೊಂಡವರು ಮಾಲೂರಿನಲ್ಲೋ, ಮುಳಬಾಗಿಲಿನಲ್ಲೋ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಎದುರಿನವರು ಮೊದಲು ಬರಲಿ ಎಂದು ಕಾಯಬೇಡಿ. ಬರುವ ಭಾನುವಾರ ನೀವೇ ಬಸ್ಸು ಹತ್ತಿ.