ಸಂಘ ರಚನೆಯ ಸ್ವಾತಂತ್ರ್ಯ ಮತ್ತು ಸದಸ್ಯತ್ವದಲ್ಲಿ ತಾರತಮ್ಯ: ಗೃಹ ನಿರ್ಮಾಣ ಸಹಕಾರ ಸಂಘಗಳಿಗೆ ಸಂಬಂಧಿಸಿದಂತೆ

ಗೃಹ ನಿರ್ಮಾಣ ಸಹಕಾರ ಸಂಘವೊಂದು ತನ್ನ ಸದಸ್ಯತ್ವವನ್ನು ಒಂದೇ ಸಮುದಾಯದವರಿಗೆ ಸೀಮಿತಗೊಳಿಸಬಹುದೇ ಎಂಬ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯವು ಜೊರಾಸ್ಟ್ರಿಯನ್ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ ಪ್ರಕರಣದಲ್ಲಿ 2005ರ ಏಪ್ರಿಲ್ 15ರಂದು ತೀರ್ಮಾನಿಸಿದೆ. ಸದರಿ ತೀರ್ಪನ್ನು ಕೆಲವರು ಅದರ ವ್ಯಾಪ್ತಿಗಿಂತ ಹೆಚ್ಚಾಗಿ ಅರ್ಥೈಸುವುದರಿಂದ ಈ ವಿವರಣೆ ಅಗತ್ಯವಾಗಿದೆ.

ಸಂವಿಧಾನದ 19(1)(ಸಿ) ಅನುಚ್ಛೇದವು ಸಂಘ ಸಂಸ್ಥೆಗಳನ್ನು ರಚಿಸುವ ಹಕ್ಕನ್ನು ನಾಗರಿಕರಿಗೆ ನೀಡಿದೆ. 97ನೇ ತಿದ್ದುಪಡಿಯಿಂದ, 2012ರ ಫೆಬ್ರವರಿ 15ರಿಂದ ಜಾರಿಗೆ ಬರುವಂತೆ, ಇದರಲ್ಲಿ ಸಹಕಾರ ಸಂಘಗಳನ್ನೂ ಸ್ಪಷ್ಟವಾಗಿ ಸೇರಿಸಲಾಗಿದೆ. ಒಮ್ಮೆ ಕೂಡಿದ ಸದಸ್ಯರು ತಾವು ಸ್ವಇಚ್ಛೆಯಿಂದ ಸೇರಿಸಿಕೊಂಡವರೊಂದಿಗೇ ಮುಂದುವರಿಯುವುದೂ ಈ ಹಕ್ಕಿನ ಭಾಗವೆಂದು ಹಿಂದೀ ಸಾಹಿತ್ಯ ಸಮ್ಮೇಳನಕ್ಕೆ ಸಂಬಂಧಿಸಿದ ದಮಯಂತಿ ನಾರಂಗ ಪ್ರಕರಣದಲ್ಲಿ (1971) ಹೇಳಲಾಗಿತ್ತು. 19(4)ನೇ ಅನುಚ್ಛೇದದಡಿ ಈ ಹಕ್ಕಿಗೆ ನಿರ್ಬಂಧ ಹೇರಲು ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ಸಾರ್ವಜನಿಕ ಸುವ್ಯವಸ್ಥೆ ಹಾಗೂ ನೈತಿಕತೆ ಇವು ಮಾತ್ರ ಆಧಾರಗಳು. ಸಮಾನತೆ ಎಂಬ ಪದ ಆ ಪಟ್ಟಿಯಲ್ಲಿಲ್ಲ.

ಅಹಮದಾಬಾದಿನ ಮೇಲ್ಕಂಡ ಸಂಘವು 1926ರಲ್ಲಿ ನೋಂದಣಿಯಾಗಿದ್ದು, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ನೀಡುವುದು ಅದರ ಉಪವಿಧಿಯಾಗಿತ್ತು. ಷೇರು ಮತ್ತು ಸ್ವತ್ತಿನ ವರ್ಗಾವಣೆಗೂ ಇದೇ ನಿರ್ಬಂಧ ಅನ್ವಯಿಸುತ್ತಿತ್ತು. ಸದಸ್ಯರೊಬ್ಬರು ತಮ್ಮ ಬಂಗಲೆಯ ಜಾಗವನ್ನು ಪಾರ್ಸಿಯೇತರ ಕಟ್ಟಡ ನಿರ್ಮಾಪಕರಿಗೆ ಹಸ್ತಾಂತರಿಸಲು ಮುಂದಾದಾಗ ವ್ಯಾಜ್ಯ ಉದ್ಭವಿಸಿತು. ಉಪವಿಧಿಯು ಸ್ವತ್ತಿನ ಪರಭಾರೆಗೆ ಅನುಚಿತ ತಡೆ ಎಂದು ಗುಜರಾತ್ ಉಚ್ಚ ನ್ಯಾಯಾಲಯವು ಸದಸ್ಯರ ಪರ ನಿಂತಿತು. ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಉಪವಿಧಿಗಳನ್ನು ಒಪ್ಪಿಯೇ ಸದಸ್ಯನಾದವನು ಅವುಗಳಿಗೆ ಬದ್ಧನು. ಮೂಲಭೂತ ಹಕ್ಕುಗಳನ್ನು ಆಧರಿಸಿ ಖಾಸಗಿ ಸಂಘದ ಸದಸ್ಯತ್ವದ ನಿಯಮವನ್ನು ತಳ್ಳಿಹಾಕಲಾಗದು. "ಸಾರ್ವಜನಿಕ ನೀತಿ" ಎಂಬುದನ್ನು ಗುಜರಾತ್ ಸಹಕಾರ ಸಂಘಗಳ ಅಧಿನಿಯಮ, 1961ರ ಒಳಗೇ ಕಂಡುಕೊಳ್ಳಬೇಕೇ ಹೊರತು ನಿಬಂಧಕರಾಗಲಿ ನ್ಯಾಯಾಲಯವಾಗಲಿ ಹೊರಗಿನಿಂದ ತರುವಂತಿಲ್ಲ ಎಂಬುದು ತೀರ್ಪಿನ ಸಾರ. ಬದಲಾವಣೆ ಬೇಕೆಂದಾದಲ್ಲಿ ಅದನ್ನು ಶಾಸಕಾಂಗವೇ ಮಾಡತಕ್ಕದ್ದು.

ಇದರ ಬೆಲೆಯನ್ನು ಮನೆ ಮಾರಬೇಕಾದ ಸದಸ್ಯನೂ ತೆರುತ್ತಾನೆಂಬುದನ್ನು ಮರೆಯಬಾರದು. ಕೊಳ್ಳುವವರ ವಲಯ ಕಿರಿದಾದಷ್ಟೂ ಸ್ವತ್ತಿನ ಬೆಲೆ ಕುಗ್ಗುತ್ತದೆ. ಸಂಘಕ್ಕೆ ಸೇರುವಾಗ ಉಪವಿಧಿಗಳ ಪ್ರತಿಯನ್ನು ಪಡೆದು ಓದುವವರು ವಿರಳ.

ಆದರೆ ಈ ತೀರ್ಪು ಎಲ್ಲ ಬಗೆಯ ಹೊರಗಿಡುವಿಕೆಗೂ ಪರವಾನಗಿಯಲ್ಲ. 17ನೇ ಅನುಚ್ಛೇದವು ಅಸ್ಪೃಶ್ಯತೆಯನ್ನು ಖಾಸಗಿ ವ್ಯಕ್ತಿಗಳ ವಿರುದ್ಧವೂ ನಿಷೇಧಿಸುತ್ತದೆ. ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮ, 1955ರ 4ನೇ ಪ್ರಕರಣದ ಮೇರೆಗೆ, ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟಲು, ಪಡೆಯಲು ಅಥವಾ ಅದರಲ್ಲಿ ವಾಸಿಸಲು ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿಪಡಿಸುವುದು ಅಪರಾಧವಾಗಿದ್ದು, 1 ತಿಂಗಳಿಗೆ ಕಡಿಮೆಯಿಲ್ಲದ, 6 ತಿಂಗಳಿಗೆ ಮೀರದ ಕಾರಾವಾಸ ಹಾಗೂ ಜುಲ್ಮಾನೆ ವಿಧಿಸಬಹುದಾಗಿದೆ. ಯಾವ ಉಪವಿಧಿಯೂ ಇದಕ್ಕೆ ರಕ್ಷಣೆಯಾಗದು. ಅಂಗಡಿ, ಹೋಟೆಲು, ಮನರಂಜನಾ ಸ್ಥಳಗಳ ಪ್ರವೇಶದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳದ ಕಾರಣಕ್ಕೆ ತಡೆಯುವುದನ್ನು 15(2)ನೇ ಅನುಚ್ಛೇದ ನಿಷೇಧಿಸಿದೆ. ಎಚ್‌ಐವಿ ಸೋಂಕಿತರಿಗೆ 2017ರ ಅಧಿನಿಯಮ, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಅಧಿನಿಯಮ ಮನೆ ಕೊಳ್ಳುವ ಹಾಗೂ ಬಾಡಿಗೆಗೆ ಪಡೆಯುವ ವಿಷಯದಲ್ಲಿ ರಕ್ಷಣೆ ಒದಗಿಸಿವೆ. ಇವುಗಳ ಹೊರಗೆ, ಧರ್ಮ ಅಥವಾ ಆಹಾರ ಪದ್ಧತಿಯ ಕಾರಣಕ್ಕೆ ಮನೆ ನಿರಾಕರಿಸುವ ಖಾಸಗಿ ಮಾಲೀಕನನ್ನು ತಡೆಯುವ ಸಮಗ್ರ ಕೇಂದ್ರ ಶಾಸನ ಜಾರಿಯಲ್ಲಿಲ್ಲ. 19 ಮತ್ತು 21ನೇ ಅನುಚ್ಛೇದಗಳ ಹಕ್ಕುಗಳನ್ನು ಖಾಸಗಿಯವರ ವಿರುದ್ಧವೂ ಜಾರಿಗೊಳಿಸಬಹುದೆಂದು ಸಂವಿಧಾನ ಪೀಠವು 2023ರ ಜನವರಿ 3ರಂದು ಬಹುಮತದಿಂದ ಹೇಳಿದೆಯಾದರೂ, ಅದು ಸಂಘಗಳ ಸದಸ್ಯತ್ವದ ಪ್ರಕರಣವಾಗಿರಲಿಲ್ಲ.

ರಾಜ್ಯದ ಸಂಘಗಳಿಗೆ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959 ಅನ್ವಯಿಸುವುದರಿಂದ ಗುಜರಾತಿನ ತೀರ್ಪನ್ನು ಈ ಅಧಿನಿಯಮದ ಪಠ್ಯದೊಂದಿಗೆ ಹೊಂದಿಸಿ ಓದತಕ್ಕದ್ದು. ಸಂಘದ ರಚನೆ, ಆಡಳಿತ ಅಥವಾ ವ್ಯವಹಾರ ಕುರಿತು ಸಂಘ ಮತ್ತು ಸದಸ್ಯರ ನಡುವಿನ ವಿವಾದಗಳನ್ನು 70ನೇ ಪ್ರಕರಣದ ಮೇರೆಗೆ ನಿಬಂಧಕರ ಮುಂದೆ ಸಲ್ಲಿಸಬಹುದಾಗಿದೆ. ಅಸ್ಪೃಶ್ಯತೆಗೆ ಸಂಬಂಧಿಸಿದ ದೂರನ್ನು ನಿಬಂಧಕರ ಕಛೇರಿಗಲ್ಲ, ಪೊಲೀಸ್ ಠಾಣೆಗೆ ನೀಡತಕ್ಕದ್ದು.