ಮನೆಯ ಫೈಲ್ ಸರ್ವರ್‌ನಲ್ಲಿ ಹಂಚಿಕೆಯ ಫೋಲ್ಡರ್‌ಗಳನ್ನು ಜೋಡಿಸುವುದು ಹೇಗೆ?



ತೊಪ್ಪೂರು ಘಾಟಿಯ ಉತ್ತರಕ್ಕೆ ಧರ್ಮಪುರಿ, ದಕ್ಷಿಣಕ್ಕೆ ಸೇಲಂ. ಎರಡೂ ಕಡೆ ಕನ್ನಡ ಮನೆಮಾತಿನ ಕುಟುಂಬಗಳಿವೆ. ಮಕ್ಕಳು ಹೊಸೂರು, ಬೆಂಗಳೂರು ಸೇರಿದ್ದಾರೆ. ಅಜ್ಜಿಯ ಹಾಡು ಒಬ್ಬರ ಫೋನಿನಲ್ಲಿ, ಮದುವೆ ಫೋಟೊ ಇನ್ನೊಬ್ಬರಲ್ಲಿ, ಜಮೀನಿನ ಪಟ್ಟಾ ಮತ್ತೊಬ್ಬರಲ್ಲಿ. ಇವನ್ನೆಲ್ಲ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಒಟ್ಟುಗೂಡಿಸಿ ಎಲ್ಲರೂ ಬಳಸಬೇಕೆನ್ನುವವರಿಗಾಗಿ ಈ ಮಾಹಿತಿ.

1. ಮೊದಲು ಜನ, ಆಮೇಲೆ ವಿಷಯ

'ಫೋಟೊ', 'ಹಾಡು', 'ಕಾಗದಪತ್ರ' ಎಂದು ಮೊದಲೇ ವಿಂಗಡಿಸಬೇಡಿ. ಯಾರು ನೋಡಬಹುದು, ಯಾರು ಬದಲಿಸಬಹುದು ಎಂಬುದರ ಮೇಲೆ ನಾಲ್ಕೇ ಮುಖ್ಯ ಫೋಲ್ಡರ್ ಮಾಡಿ:

• ಕುಟುಂಬ: ಎಲ್ಲರೂ ನೋಡಬಹುದು, ಇಬ್ಬರು ಮಾತ್ರ ಬದಲಿಸಬಹುದು.
• ದಾಖಲೆ: ಪಟ್ಟಾ, ಕ್ರಯಪತ್ರ, ಹಿರಿಯರಿಗೆ ಮಾತ್ರ.
• ಬಂದದ್ದು: ಯಾರು ಬೇಕಾದರೂ ಹಾಕಬಹುದು, ವಾರಕ್ಕೊಮ್ಮೆ ಒಬ್ಬರು ವಿಂಗಡಿಸಲಿ.
• ಸ್ವಂತ: ಒಬ್ಬೊಬ್ಬರಿಗೆ ಒಂದೊಂದು.

ಹೀಗಾದರೆ ಯಾರದೋ ಬೆರಳು ತಪ್ಪಿದರೂ ಅಜ್ಜಿಯ ಹಾಡು ಅಳಿಯುವುದಿಲ್ಲ. ವಿಷಯವಾರು ವಿಂಗಡಣೆ ಇವುಗಳ ಒಳಗಿರಲಿ.

2. ಅನುಮತಿ

ಲಿನಕ್ಸ್‌ನಲ್ಲಿ ಹಂಚಿಕೆಗೆ ಸಾಂಬಾ ಎಂಬ ಉಚಿತ ತಂತ್ರಾಂಶವಿದೆ. ಬಳಕೆದಾರರನ್ನು ಗುಂಪಿಗೆ ಸೇರಿಸಿ, ಹಂಚಿಕೆಯ ಫೋಲ್ಡರ್‌ಗೆ 2770 ಅನುಮತಿ ಕೊಡಿ. ಮೊದಲ 2 ಇದ್ದರೆ ಹೊಸ ಫೈಲ್ ಫೋಲ್ಡರ್‌ನ ಗುಂಪಿಗೇ ಸೇರುತ್ತದೆ. ಇಲ್ಲವಾದರೆ ಅಣ್ಣ ಹಾಕಿದ ಫೈಲ್ ತಂಗಿಗೆ ತೆರೆಯದೇ ಹೋಗಬಹುದು. ಕೊನೆಯ 0 ಹೊರಗಿನವರನ್ನು ತಡೆಯುತ್ತದೆ. ಹೊಸ ಫೈಲ್‌ಗಳಿಗೆ ಸಾಂಬಾದಲ್ಲಿ 0660 ನಿಗದಿಪಡಿಸಿ. 'ಕುಟುಂಬ'ವನ್ನು ಓದಲು ಮಾತ್ರ ಎಂದಿಟ್ಟು, ಬರೆಯುವವರ ಪಟ್ಟಿಯಲ್ಲಿ ಆ ಇಬ್ಬರ ಹೆಸರು ಸೇರಿಸಿ.

3. ಹೆಸರು

ಇಸವಿ, ತಿಂಗಳು, ದಿನ ಮೊದಲು ಬರಲಿ: '1974-05-12 ಮದುವೆ'. ಆಗ ಪಟ್ಟಿ ತಾನಾಗಿ ಕಾಲಾನುಕ್ರಮದಲ್ಲಿ ನಿಲ್ಲುತ್ತದೆ. ಕನ್ನಡದಲ್ಲೇ ಹೆಸರಿಡಬಹುದು, ಆದರೆ ಚಿಕ್ಕದಾಗಿರಲಿ. ಲಿನಕ್ಸ್‌ನಲ್ಲಿ ಫೈಲ್ ಹೆಸರಿನ ಮಿತಿ ಸಾಮಾನ್ಯವಾಗಿ 255 ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. 'ಕ್ಷ' ಒಂದಕ್ಕೇ 9 ಬೈಟ್. ನುಡಿ, ಬರಹಗಳ ಹಳೆಯ ಫಾಂಟ್‌ನಲ್ಲಿರುವ ಬರಹಗಳನ್ನು ಯೂನಿಕೋಡ್‌ಗೆ ಬದಲಿಸಿಡಿ, ಮೂಲವನ್ನೂ ಉಳಿಸಿ. ಇಲ್ಲವಾದರೆ ಹುಡುಕಿದರೆ ಸಿಗುವುದಿಲ್ಲ.

ಪ್ರತಿ ಫೋಟೊ ಫೋಲ್ಡರ್‌ನಲ್ಲೂ 'ಯಾರು' ಎಂಬ ಒಂದು ಫೈಲ್ ಇರಲಿ: ಎಡದಿಂದ ಬಲಕ್ಕೆ ಹೆಸರು, ಊರು, ಸಂಬಂಧ. ತಮಿಳು ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿಗಾಗಿ ಆ ಲಿಪಿಯಲ್ಲೂ ಬರೆಯಿರಿ. ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು. ಆಮೇಲೆ ಯಾವ ಸರ್ವರ್ ಕೂಡ ಹೇಳಲಾರದು.

4. ಕಾವಲು ಮತ್ತು ಪ್ರತಿ

ಸಾಂಬಾ ಬಳಸುವ 445ನೇ ಪೋರ್ಟನ್ನು ಇಂಟರ್ನೆಟ್‌ಗೆ ತೆರೆಯಬೇಡಿ. ದೂರದಲ್ಲಿರುವ ಮಕ್ಕಳು ವಿಪಿಎನ್ ಮೂಲಕ ಬರಲಿ. ಹಳೆಯ ಎಸ್‌ಎಂಬಿ 1 ಆವೃತ್ತಿಯನ್ನು ನಿಲ್ಲಿಸಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಹರಡಿದ್ದು ವಿಂಡೋಸ್‌ನಲ್ಲಿ ಅದರಲ್ಲಿದ್ದ ದೋಷದಿಂದ.

ಎರಡು ಡಿಸ್ಕ್‌ಗಳನ್ನು ಜೋಡಿಸಿ ಒಂದೇ ಮಾಹಿತಿ ಬರೆಯಿಸಿದರೆ ಅದು ಬ್ಯಾಕಪ್ ಆಗದು: ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಯುತ್ತದೆ. ಬೇರೊಂದು ಡಿಸ್ಕ್‌ಗೆ ಪ್ರತಿ ಮಾಡಿ, ಕಳಚಿ, ಬೇರೆ ಊರಿನಲ್ಲಿಡಿ. ಧರ್ಮಪುರಿ ಮನೆಯ ಪ್ರತಿ ಸೇಲಂನ ನೆಂಟರಲ್ಲಿ, ಅವರದು ಇಲ್ಲಿ. ಹಬ್ಬಕ್ಕೆ ಘಾಟಿ ದಾಟುವಾಗ ಡಿಸ್ಕ್ ಬದಲಾಯಿಸಿಕೊಂಡರಾಯಿತು. ಪ್ರತಿಯಿಂದ ಒಂದೆರಡು ಫೈಲ್ ತೆರೆದು ನೋಡಲು ಮರೆಯಬೇಡಿ.