ಹಾಡು ಉಳಿಯಿತು, ಚಿತ್ರ ಅಳಿಯಿತು: ಕನ್ನಡ ಕಿರುತೆರೆಯ ಮಕ್ಕಳ ಗೀತೆಗಳ ಕಥೆ

ಬೆಂಗಳೂರು: ಬಾಲ್ಯದಲ್ಲಿ ದೂರದರ್ಶನದಲ್ಲಿ ಕಂಡ ಮಕ್ಕಳ ಹಾಡೊಂದರ ಸಾಲು ನೆನಪಿದೆ. ರಾಗವೂ ನಾಲಿಗೆಯ ಮೇಲಿದೆ. ಆದರೆ ಆ ಹಾಡಿಗೆ ಹೆಜ್ಜೆ ಹಾಕಿದ ಮಕ್ಕಳ ಮುಖ, ಹಿಂದಿನ ಪರದೆಯ ಮೇಲೆ ಬರೆದಿದ್ದ ಮರ-ಗುಡಿಸಲು ಮಸುಕಾಗಿವೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ತಾರಸಿಗಳ ಮೇಲೆ ಆಂಟೆನಾಗಳು ನಿಂತಿದ್ದ ದಿನಗಳನ್ನು ಕಂಡ ತಲೆಮಾರಿನವರಿಗೆ ಈ ಅನುಭವ ಹೊಸದಲ್ಲ. ಮತ್ತೊಮ್ಮೆ ನೋಡೋಣವೆಂದರೆ ಅಂತಹ ಬಹಳಷ್ಟು ಹಾಡುಗಳ ದೃಶ್ಯ ದೊರೆಯುವುದಿಲ್ಲ. ಸಾಹಿತ್ಯ ಪುಸ್ತಕದಲ್ಲಿದೆ, ಸಂಗೀತ ಧ್ವನಿಸುರುಳಿಯಲ್ಲಿದೆ, ಚಿತ್ರ ಮಾತ್ರ ಇಲ್ಲ. ಹೀಗೆ ಒಂದಂಶ ಉಳಿದು ಇನ್ನೊಂದಂಶ ಅಳಿದ ಕೃತಿಗಳನ್ನು ‘ಭಾಗಶಃ ಕಳೆದುಹೋದವು’ ಎಂದು ಗುರುತಿಸಲಾಗುತ್ತದೆ.

ಮೊದಲು ಕಂಡವರು ಹಳ್ಳಿಯ ಮಕ್ಕಳು

ಕನ್ನಡದಲ್ಲಿ ಮಕ್ಕಳ ಟಿ.ವಿ. ಕಾರ್ಯಕ್ರಮವನ್ನು ಮೊದಲು ಕಂಡವರು ರಾಜಧಾನಿಯ ಮಕ್ಕಳಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಭಾರತವು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತಲುಪಿತು. ಕರ್ನಾಟಕದಿಂದ ಆಯ್ಕೆಯಾದದ್ದು ಅಂದಿನ ಗುಲ್ಬರ್ಗ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ಬೆಳಗಿನ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ ಮೀಸಲಾಗಿತ್ತು. ಕನ್ನಡ, ತೆಲುಗು, ಹಿಂದಿ ಮತ್ತು ಒಡಿಯಾ ಭಾಷೆಗಳು ಆ ಅವಧಿಯನ್ನು ಹಂಚಿಕೊಂಡಿದ್ದವು. ಕಾರ್ಯಕ್ರಮ ತಯಾರಿಕೆಯ ಕೇಂದ್ರಗಳಿದ್ದುದು ದೆಹಲಿ, ಕಟಕ್ ಮತ್ತು ಹೈದರಾಬಾದ್‌ಗಳಲ್ಲಿ. ಬೆಂಗಳೂರಿನಲ್ಲಿ ಆಗಿನ್ನೂ ದೂರದರ್ಶನ ಕೇಂದ್ರವೇ ಇರಲಿಲ್ಲ.

ಬೆಂಗಳೂರು ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. 1983ರ ನಂತರ ಜಯಚಾಮರಾಜೇಂದ್ರ ನಗರದ ಕೇಂದ್ರದಲ್ಲಿ ಕಾರ್ಯಕ್ರಮ ತಯಾರಿಕೆಗೆ ವೇಗ ದೊರೆಯಿತು. ಶಾಲಾ ತಂಡಗಳ ಸಮೂಹಗಾನ, ಅಭಿನಯ ಗೀತೆ, ಶಿಶುಗೀತೆಗಳು ಮಕ್ಕಳ ಕಾರ್ಯಕ್ರಮದ ಭಾಗವಾದವು. ಕನ್ನಡಕ್ಕೆ ಶಿಶುಕಾವ್ಯದ ಕೊರತೆಯಿರಲಿಲ್ಲ. ಪಂಜೆ ಮಂಗೇಶರಾಯರು, ಕುವೆಂಪು, ಜಿ.ಪಿ. ರಾಜರತ್ನಂ ಮೊದಲಾದವರು ಹಾಕಿಕೊಟ್ಟ ದೊಡ್ಡ ಪರಂಪರೆಯೇ ಇತ್ತು. ತಮ್ಮ ಪದ್ಯಗಳು ಬೆಂಗಳೂರಿನ ಕಿರುತೆರೆಗೆ ಬರುವುದನ್ನು ಕಾಣುವ ಮುನ್ನವೇ, 1979ರಲ್ಲಿ, ರಾಜರತ್ನಂ ತೀರಿಕೊಂಡಿದ್ದರು.

ಇನ್ಸಾಟ್ ಉಪಗ್ರಹದ ಕಾಲದಲ್ಲಿ ಶಾಲಾ ಟಿ.ವಿ. ಕಾರ್ಯಕ್ರಮಗಳಿಗಾಗಿ ಆರು ರಾಜ್ಯಗಳಲ್ಲಿ ಪ್ರತ್ಯೇಕ ಶೈಕ್ಷಣಿಕ ತಂತ್ರಜ್ಞಾನ ಸಂಸ್ಥೆಗಳು ಸ್ಥಾಪನೆಯಾದವು. ಆಂಧ್ರಪ್ರದೇಶ, ಬಿಹಾರ, ಗುಜರಾತ್, ಮಹಾರಾಷ್ಟ್ರ, ಒಡಿಶಾ, ಉತ್ತರಪ್ರದೇಶಗಳ ಆ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಹೀಗಾಗಿ ಆ ದಶಕದಲ್ಲಿ ಕನ್ನಡ ಮಕ್ಕಳ ದೃಶ್ಯಗೀತೆಗಳ ಹೊಣೆ ಬಹುಮಟ್ಟಿಗೆ ದೂರದರ್ಶನ ಕೇಂದ್ರವೊಂದರ ಮೇಲೆಯೇ ಬಿತ್ತು.

ಅಳಿವಿಗೆ ಕಾರಣವೇನು?

ಮೊದಲ ಕಾರಣ ಮಾಧ್ಯಮ. ವಿಜಯಾ ಮುಳೆ ಅವರ ‘ಏಕ್ ಅನೇಕ್ ಔರ್ ಏಕತಾ’ (1974) ಎಂಬ ಮಕ್ಕಳ ಹಾಡಿನ ಕಿರುಚಿತ್ರ ಇಂದಿಗೂ ನೋಡಸಿಗುತ್ತದೆ. ಭೀಮಸೇನ್ ಅವರ ಅನಿಮೇಷನ್ ಇದ್ದ ಈ ಚಿತ್ರ ತಯಾರಾದದ್ದು ಸೆಲ್ಯುಲಾಯ್ಡ್ ಫಿಲ್ಮ್‌ನಲ್ಲಿ. ಫಿಲ್ಮ್‌ಗೆ ಮೂಲ ನೆಗೆಟಿವ್ ಇರುತ್ತದೆ, ಹಲವು ಪ್ರತಿಗಳೂ ಇರುತ್ತವೆ. ಸ್ಟುಡಿಯೋದಲ್ಲಿ ಚಿತ್ರೀಕರಿಸಿದ ಕಾರ್ಯಕ್ರಮ ಮಾತ್ರ ಮ್ಯಾಗ್ನೆಟಿಕ್ ಟೇಪಿನಲ್ಲಿ, ಅದೂ ಹೆಚ್ಚಾಗಿ ಒಂದೇ ಪ್ರತಿಯಲ್ಲಿ ಇರುತ್ತಿತ್ತು. ಟೇಪಿನ ಬೆಲೆ ದುಬಾರಿ. ಅಳಿಸಿ ಮತ್ತೆ ಬಳಸುವುದು ಜಗತ್ತಿನ ಬಹುತೇಕ ಪ್ರಸಾರ ಸಂಸ್ಥೆಗಳ ರೂಢಿಯಾಗಿತ್ತು. ದೂರದರ್ಶನವೂ ಇದಕ್ಕೆ ಹೊರತಾಗಿರಲಿಲ್ಲ. ಧಾರಾವಾಹಿಗೆ ದೊರೆತ ಮಹತ್ವ ಮೂರು ನಿಮಿಷದ ಮಕ್ಕಳ ಹಾಡಿಗೆ ದೊರೆಯುವುದೂ ಕಷ್ಟವಿತ್ತು.

ಎರಡನೆಯ ಕಾರಣ ಕಾನೂನಿನದು. ದೇಶದಲ್ಲಿ ಪ್ರಕಟವಾಗುವ ಪುಸ್ತಕದ ಪ್ರತಿಯನ್ನು ನಿಗದಿತ ಗ್ರಂಥಾಲಯಗಳಿಗೆ ಸಲ್ಲಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. 1956ರ ತಿದ್ದುಪಡಿಯಿಂದ ಪತ್ರಿಕೆಗಳೂ ಅದರ ವ್ಯಾಪ್ತಿಗೆ ಬಂದವು. ಟಿ.ವಿ. ಕಾರ್ಯಕ್ರಮಗಳು ಆ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಆದ್ದರಿಂದಲೇ ಶಿಶುಗೀತೆಯ ಪುಸ್ತಕ ಉಳಿಯಿತು, ಅದೇ ಗೀತೆಯ ದೃಶ್ಯ ಉಳಿಯಲಿಲ್ಲ.

ಈ ನಷ್ಟ ನಮ್ಮದೊಂದೇ ಅಲ್ಲ. ಬ್ರಿಟನ್ನಿನ ಬಿಬಿಸಿ 1963ರಲ್ಲಿ ಆರಂಭಿಸಿದ ‘ಡಾಕ್ಟರ್ ಹೂ’ ಧಾರಾವಾಹಿಯ ಮೊದಲ ವರ್ಷಗಳ 90ಕ್ಕೂ ಹೆಚ್ಚು ಕಂತುಗಳ ದೃಶ್ಯ ಇಂದು ಲಭ್ಯವಿಲ್ಲ. ಆದರೆ ಅವೆಲ್ಲವುಗಳ ಧ್ವನಿ ಉಳಿದಿದೆ. ಉಳಿಸಿದವರು ಮನೆಯಲ್ಲಿ ಕುಳಿತು ಟೇಪ್ ರೆಕಾರ್ಡರ್‌ನಲ್ಲಿ ಧ್ವನಿ ಮುದ್ರಿಸಿಕೊಂಡ ವೀಕ್ಷಕರು!

ಮನೆಯ ಸಜ್ಜಾ ಮೇಲಿನ ಭಂಡಾರ

ನಮ್ಮಲ್ಲಿಯೂ ಆಸೆ ಉಳಿದಿರುವುದು ಮನೆಗಳಲ್ಲೇ. 1982ರ ಏಷ್ಯಾಡ್ ನಂತರ ಬಣ್ಣದ ಟಿ.ವಿ.ಯೊಂದಿಗೆ ವಿಸಿಆರ್ ಕೂಡ ನಗರದ ಮನೆಗಳಿಗೆ ಬರತೊಡಗಿತು. ತಮ್ಮ ಮಗು ಹಾಡಿದ ಕಾರ್ಯಕ್ರಮವನ್ನು ಮುದ್ರಿಸಿಟ್ಟುಕೊಂಡ ಪೋಷಕರಿರಬಹುದು. ಮದುವೆಯ ಕ್ಯಾಸೆಟ್ಟಿನ ಕೊನೆಯಲ್ಲಿ ಉಳಿದ ಜಾಗದಲ್ಲಿ ಟಿ.ವಿ. ಹಾಡು ತುಂಬಿಸಿದವರೂ ಇರಬಹುದು.

ಕಾಲಾವಕಾಶ ಮಾತ್ರ ಕಡಿಮೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಪ್ರಮುಖ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ಉತ್ಪಾದನೆ ನಿಲ್ಲಿಸಿತು. ಟೇಪು ಹಾಳಾಗುವ ಮುನ್ನವೇ ಅದನ್ನು ಓದುವ ಯಂತ್ರ ಇಲ್ಲವಾಗುತ್ತಿದೆ. ಈ ಅಪಾಯದ ಬಗ್ಗೆ ಯುನೆಸ್ಕೊ ಕೂಡ ಎಚ್ಚರಿಕೆ ನೀಡಿದೆ.

ಹಳೆಯ ವಿಡಿಯೊ ಕ್ಯಾಸೆಟ್ ಇರುವವರು ಗಮನಿಸಬೇಕಾದ ಅಂಶಗಳು:

* ಬಿಳಿ ಬೂಷ್ಟು ಕಂಡರೆ ಟೇಪನ್ನು ಯಂತ್ರಕ್ಕೆ ಹಾಕಬೇಡಿ. ಟೇಪೂ ಯಂತ್ರವೂ ಎರಡೂ ಕೆಡುತ್ತವೆ. ಮೊದಲು ಬಲ್ಲವರಿಂದ ಶುಚಿಗೊಳಿಸಿ.
* ತೇವ, ಬಿಸಿಲು, ಸ್ಪೀಕರಿನಂತಹ ಅಯಸ್ಕಾಂತವಿರುವ ವಸ್ತುಗಳಿಂದ ದೂರವಿಡಿ. ಕ್ಯಾಸೆಟ್ಟನ್ನು ಪುಸ್ತಕದಂತೆ ನೇರವಾಗಿ ನಿಲ್ಲಿಸಿ.
* ಅಂಚಿನ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಮುರಿದರೆ ಅದರ ಮೇಲೆ ಅಕಸ್ಮಾತ್ ಬೇರೇನೂ ಮುದ್ರಣವಾಗದು.
* ಡಿಜಿಟಲ್ ರೂಪಕ್ಕೆ ತಂದ ಮೇಲೂ ಮೂಲ ಟೇಪನ್ನು ಎಸೆಯಬೇಡಿ. ಮುದ್ರಿಸಿದ ವರ್ಷ, ಕಾರ್ಯಕ್ರಮ, ಹಾಡಿದವರ ವಿವರ ಬರೆದಿಡಿ.

ಹಕ್ಕಿನ ಪ್ರಶ್ನೆಯೂ ಇದೆ. ಸ್ವಂತ ಬಳಕೆಗಾಗಿ ಪ್ರಸಾರವನ್ನು ಮುದ್ರಿಸಿಕೊಳ್ಳಲು ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವಕಾಶವಿದೆ. ಸಾರ್ವಜನಿಕವಾಗಿ ಹಂಚಲು ಹಕ್ಕುದಾರರ ಅನುಮತಿ ಬೇಕು. ಪ್ರಸಾರ ಸಂಸ್ಥೆಯ ಪ್ರಸಾರ ಹಕ್ಕು 25 ವರ್ಷ, ದೃಶ್ಯಕೃತಿಯ ಹಕ್ಕು 60 ವರ್ಷ ಇರುತ್ತದೆ. ಕವಿಯ ಹಕ್ಕು ಆತನ ನಿಧನಾನಂತರ 60 ವರ್ಷ. 1937ರಲ್ಲಿ ನಿಧನರಾದ ಪಂಜೆಯವರ ಪದ್ಯಗಳು ಈಗ ಎಲ್ಲರ ಸ್ವತ್ತು. ರಾಜರತ್ನಂ ಪದ್ಯಗಳ ಹಕ್ಕು 2039ರ ಕೊನೆಯವರೆಗೆ ಇರುತ್ತದೆ.

ಪಶ್ಚಿಮ ಬೆಂಗಳೂರಿನ ಮಲ್ಲತ್ತಹಳ್ಳಿಯಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದ ಪ್ರಾದೇಶಿಕ ಕೇಂದ್ರವಿದೆ. ದೇಶದ ವಿವಿಧ ಸಂಸ್ಥೆಗಳಲ್ಲಿರುವ ಧ್ವನಿ-ದೃಶ್ಯ ಮುದ್ರಣಗಳನ್ನು ಡಿಜಿಟಲ್ ರೂಪಕ್ಕೆ ತರುವ ಯೋಜನೆಯನ್ನು ಕೈಗೊಂಡದ್ದು ಇದೇ ಸಂಸ್ಥೆ. ಇಂತಹ ಸಂಸ್ಥೆಗಳ ಪರಿಣತಿ, ದೂರದರ್ಶನದ ಸಂಗ್ರಹ, ಮನೆಮನೆಯ ಕ್ಯಾಸೆಟ್ಟುಗಳು ಒಂದೆಡೆ ಸೇರಿದರೆ ಕಳೆದದ್ದರಲ್ಲಿ ಒಂದಿಷ್ಟಾದರೂ ಮರಳಿ ದೊರೆಯಬಹುದು. ಅಲ್ಲಿಯವರೆಗೆ, ಸಜ್ಜಾ ಮೇಲಿನ ಹಳೆಯ ಕ್ಯಾಸೆಟ್ಟನ್ನು ಗುಜರಿಗೆ ಹಾಕುವ ಮುನ್ನ ಕೊನೆಯವರೆಗೂ ಒಮ್ಮೆ ನೋಡುವುದು ಒಳಿತು.